ಸಹಿ ಹಾಕಿದವರೂ ಕಟಕಟೆಗೆ ಬರಲಿ

ಗೋವಾದ ಅರ್ಪೋರಾ ಒಂದು ಪಂಚಾಯಿತಿ ಊರು. 2025ರ ಡಿಸೆಂಬರ್ 6ರ ಶನಿವಾರ ರಾತ್ರಿ ಅಲ್ಲಿನ ನೈಟ್‌ಕ್ಲಬ್ಬಿನಲ್ಲಿ ಹಾಡು ಕುಣಿತ ನಡೆದಿದ್ದಾಗ ಬೆಂಕಿ ಬಿತ್ತು. 25 ಜನ ಸತ್ತರು. ಅವರಲ್ಲಿ 20 ಮಂದಿ ಕುಣಿಯಲು ಹೋದವರಲ್ಲ, ಅಲ್ಲೇ ದುಡಿಯುತ್ತಿದ್ದವರು. ಜಾರ್ಖಂಡ್, ಅಸ್ಸಾಂ, ಉತ್ತರಾಖಂಡ, ನೇಪಾಳದಿಂದ ಹೊಟ್ಟೆಪಾಡಿಗೆ ಬಂದವರು. ಹಲವರು ನೆಲಮಾಳಿಗೆಯ ಅಡುಗೆಮನೆಯಲ್ಲಿ ಹೊಗೆಗೆ ಸಿಕ್ಕಿ ಉಸಿರುಗಟ್ಟಿ ಸತ್ತರು. ನಮ್ಮ ಉತ್ತರ ಕರ್ನಾಟಕದ ಎಷ್ಟು ಮನೆಗಳ ಮಕ್ಕಳು ಗೋವಾದಲ್ಲಿ ದುಡಿಯುತ್ತಿದ್ದಾರೆ ಎಂಬುದು ನಿಮಗೇ ಗೊತ್ತು.

ಮಾಲೀಕರು ಕೆಲವೇ ಗಂಟೆಗಳಲ್ಲಿ ಥಾಯ್ಲೆಂಡಿಗೆ ಹಾರಿದರು. ಅವರನ್ನು ಹಿಡಿದು ತಂದದ್ದು ಸರಿ. ಆದರೆ ಲೆಕ್ಕ ಅಲ್ಲಿಗೇ ಮುಗಿಯುತ್ತದೆಯೇ?

ಆ ಕಟ್ಟಡ ಕೆಡವಲು ಪಂಚಾಯಿತಿಯಿಂದಲೇ ನೋಟಿಸ್ ಹೋಗಿತ್ತು. ಮೇಲಿನ ಕಚೇರಿಯಲ್ಲಿ ಅದಕ್ಕೆ ತಡೆ ಸಿಕ್ಕಿತು. ಕ್ಲಬ್ ನಡೆಯುತ್ತಲೇ ಇತ್ತು. ಹೆಣಗಳು ಹೊರಬಂದ ಮೇಲೆ ಕೆಲವು ಅಧಿಕಾರಿಗಳು ಅಮಾನತಾದರು. ಅಮಾನತು ಶಿಕ್ಷೆಯಲ್ಲ. ಮನೆಯಲ್ಲಿ ಕೂತವರಿಗೆ ಅರ್ಧ ಸಂಬಳ ಬರುತ್ತದೆ, ಜನ ಮರೆತ ಮೇಲೆ ಕುರ್ಚಿಯೂ ಬರುತ್ತದೆ.

ಇದು ನಮ್ಮ ದೇಶದ ಕಥೆ ಮಾತ್ರವಲ್ಲ. ಅಮೆರಿಕದ ರೋಡ್ ಐಲೆಂಡಿನ 'ಸ್ಟೇಷನ್' ಕ್ಲಬ್ಬಿನಲ್ಲಿ 2003ರಲ್ಲಿ ವೇದಿಕೆಯ ಬಾಣಬಿರುಸಿನಿಂದ ಗೋಡೆಯ ಫೋಮ್ ಹೊತ್ತಿ 100 ಜನ ಸತ್ತರು. ಆ ಕ್ಲಬ್ಬಿಗೆ ಅಗ್ನಿ ಸುರಕ್ಷತೆಯ ತಪಾಸಣೆ ನಡೆದಿತ್ತು. ಆದರೂ ಆರೋಪ ಹೊತ್ತವರು ಮೂವರೇ: ಇಬ್ಬರು ಮಾಲೀಕರು, ವಾದ್ಯತಂಡದ ಒಬ್ಬ ಮ್ಯಾನೇಜರ್. ತಪಾಸಣೆ ಮಾಡಿದವರ ಮೇಲೆ ಕೇಸೇ ಆಗಲಿಲ್ಲ.

ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರಲ್ಲಿ 59 ಜನ ಸತ್ತರು. ಆಗಿನ ಕಾನೂನಿನಲ್ಲಿ ನಿರ್ಲಕ್ಷ್ಯದ ಸಾವಿಗೆ ಹೆಚ್ಚೆಂದರೆ ಎರಡು ವರ್ಷ ಜೈಲು. 2015ರಲ್ಲಿ ಸುಪ್ರೀಂ ಕೋರ್ಟ್, ಮಾಲೀಕರು ತಲಾ 30 ಕೋಟಿ ಕಟ್ಟಿದರೆ ಅನುಭವಿಸಿದ ಜೈಲುವಾಸವೇ ಸಾಕು ಎಂದಿತು. 2017ರಲ್ಲಿ ಒಬ್ಬರನ್ನು ಮಾತ್ರ ಮತ್ತೆ ಜೈಲಿಗೆ ಕಳಿಸಿತು.

ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ ನಿರ್ಲಕ್ಷ್ಯದ ಸಾವಿಗೆ ಐದು ವರ್ಷದವರೆಗೆ ಜೈಲಿದೆ. ಸಾವು ಸಂಭವಿಸಬಹುದೆಂದು ಗೊತ್ತಿದ್ದೂ ಮಾಡಿದ್ದಾದರೆ 105ನೇ ಸೆಕ್ಷನ್ ಇದೆ, ಶಿಕ್ಷೆ ಇನ್ನೂ ಕಠಿಣ. ಬಾಗಿಲು ಸಾಲದು, ಕಟ್ಟಡ ಅಕ್ರಮ ಎಂದು ಕಡತದಲ್ಲೇ ಬರೆದಿದ್ದರೆ, ಅದನ್ನು ಓದಿಯೂ ಸುಮ್ಮನಿದ್ದವರಿಗೆ 'ಗೊತ್ತಿರಲಿಲ್ಲ' ಎನ್ನುವ ದಾರಿ ಎಲ್ಲಿದೆ?

ಅಧಿಕಾರಿಯ ಮೇಲೆ ಕೇಸ್ ನಡೆಸಲು ಸರ್ಕಾರದ ಅನುಮತಿ ಬೇಕು ಎನ್ನುವುದೇ ಹಳೆಯ ನೆಪ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ 120 ದಿನಗಳಲ್ಲಿ ಸರ್ಕಾರ ತೀರ್ಮಾನಿಸದಿದ್ದರೆ ಅನುಮತಿ ಸಿಕ್ಕಿತೆಂದೇ ಲೆಕ್ಕ. ಪೊಲೀಸರು ಮನಸ್ಸು ಮಾಡಿ ಅನುಮತಿ ಕೇಳಬೇಕಷ್ಟೆ.

ಹೀಗೆ ಹೆದರಿಸಿದರೆ ಯಾರೂ ಸಹಿ ಹಾಕುವುದಿಲ್ಲ ಎನ್ನುವವರಿದ್ದಾರೆ. ಹಾಕದಿರಲಿ ಬಿಡಿ! ಹೊರಹೋಗಲು ದಾರಿಯಿಲ್ಲದ ಜಾಗಕ್ಕೆ ಸಹಿ ಬೀಳದಿರುವುದೇ ನಮಗೆ ಬೇಕಾದ್ದು. ಪ್ರಾಮಾಣಿಕ ಅಧಿಕಾರಿ ತಪ್ಪನ್ನು ಬರೆದಿಡುತ್ತಾನೆ, ಆ ಕಾಗದವೇ ಅವನನ್ನು ಕಾಯುತ್ತದೆ.

ನಿಮ್ಮೂರ ಪಕ್ಕದಲ್ಲೂ ರೆಸಾರ್ಟೋ ಬಾರೋ ಡಿಜೆ ಹಾಕುತ್ತಿರಬಹುದು. ಲೈಸೆನ್ಸ್ ಯಾರು ಕೊಟ್ಟರು, ಅಗ್ನಿಶಾಮಕ ಇಲಾಖೆ ಏನು ಬರೆದಿದೆ ಎಂದು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ, ಗ್ರಾಮಸಭೆಯಲ್ಲಿ ಕೇಳಿ. ಬೆಂಕಿ ಬೀಳುವ ಮೊದಲೇ ಆ ಸಹಿ ಯಾರದೆಂದು ಊರಿಗೆ ಗೊತ್ತಿರಲಿ.