ರಜೆಗೂ ದುಡ್ಡುಂಟೇ?

ಹೋದ ಭಾನುವಾರ ಊಟಕ್ಕೆ ಕೂತಾಗ ನನ್ನ ಮಗ, "ಹಳೇ ಕಂಪನಿಯಿಂದ ಬಾಕಿ ರಜೆಯ ದುಡ್ಡು ಇನ್ನೂ ಬಂದಿಲ್ಲ" ಎಂದು ಗೊಣಗಿದ. ಐದನೇ ತರಗತಿಯ ಮೊಮ್ಮಗಳಿಗೆ ಕಿವಿ ನೆಟ್ಟಗಾಯಿತು. "ತಾತ, ರಜೆಯನ್ನು ಮಾರಬಹುದಾ? ನನ್ನ ದಸರಾ ರಜೆಗೆ ಎಷ್ಟು ಕೊಡ್ತಾರೆ?"

ನಿನ್ನದಕ್ಕೆ ಮೂರು ಕಾಸೂ ಹುಟ್ಟೋಲ್ಲ ಕಣಮ್ಮ ಎಂದೆ. ದೊಡ್ಡವರಿಗೆ ಇನ್ನೊಂದು ಬಗೆಯ ರಜೆ ಇರುತ್ತದೆ, ಅದಕ್ಕೆ ಗಳಿಕೆ ರಜೆ ಎಂದು ಹೆಸರು. ದುಡಿದು ಗಳಿಸಿದ್ದು. ನಮ್ಮ ಬ್ಯಾಂಕಿನಲ್ಲಿ 11 ದಿನ ದುಡಿದರೆ 1 ದಿನ ಜಮೆ. ನಿವೃತ್ತನಾದಾಗ ನನಗೆ 240 ದಿನದ ದುಡ್ಡು ಬಂತು. ಅಷ್ಟು ರಜೆ ಉಳಿಸಿದವನು ಒಮ್ಮೆಯೂ ನನ್ನನ್ನು ತಿರುಪತಿಗೆ ಕರೆದೊಯ್ಯಲಿಲ್ಲ ಎಂದು ನನ್ನಾಕೆ ಇಂದಿಗೂ ಆಡಿಕೊಳ್ಳುತ್ತಾಳೆ. ನಡುವೆ ರಾಜೀನಾಮೆ ಕೊಟ್ಟು ಹೋಗುವವರಿಗೆ ನಮ್ಮಲ್ಲಿ ಉಳಿದ ರಜೆಯ ಅರ್ಧಕ್ಕೆ ಮಾತ್ರ ದುಡ್ಡು, ಅದೂ 120 ದಿನ ಮೀರುವಂತಿಲ್ಲ.

ಆಗ ನೆನಪಾದದ್ದು ದಾವಣಗೆರೆಯ ಪಕ್ಕದ ಮನೆ ಹುಡುಗ. 1987ನೇ ಇಸವಿ, ನನಗೆ ಆ ಊರಿಗೆ ವರ್ಗವಾಗಿತ್ತು. ಹುಡುಗ ಒಂದು ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದ. ಹಳ್ಳಿಯಲ್ಲಿ ಅಪ್ಪನಿಗೆ ಕಾಯಿಲೆ ಜೋರಾಗಿ, ಜೂನ್ ಕೊನೆಗೆ ಕೆಲಸ ಬಿಟ್ಟ. ಬಾಕಿ ರಜೆಯ ಹಣ ಕೇಳಲು ಹೋದರೆ ಆಫೀಸಿನವರು, "ಬಿಟ್ಟು ಹೋಗುವವನಿಗೆ ಎಂಥ ರಜೆಯೋ?" ಎಂದು ನಕ್ಕು ಕಳಿಸಿದರಂತೆ. ಆಸ್ಪತ್ರೆಗೆ ದುಡ್ಡಿಲ್ಲ. ಅವನ ತಾಯಿ ರಾತ್ರಿ ನಮ್ಮ ಬಾಗಿಲಿಗೆ ಬಂದು, "ನೀವು ಬ್ಯಾಂಕಿನೋರು, ಲೆಕ್ಕ ಗೊತ್ತಿರತ್ತೆ, ಏನಾದ್ರೂ ನೋಡ್ರಿ ಅಣ್ಣಾರೆ" ಎಂದರು.

ಬಿ.ಕಾಂ. ಓದುವಾಗ ಕೊಂಡಿದ್ದ ಕಾರ್ಮಿಕ ಕಾನೂನಿನ ಪುಸ್ತಕ ಟ್ರಂಕಿನಲ್ಲಿತ್ತು. 1948ರ ಕಾರ್ಖಾನೆ ಕಾಯ್ದೆಯ 79ನೇ ಕಲಮು ತೆಗೆದೆ. ಒಂದು ವರ್ಷದಲ್ಲಿ 240 ದಿನ ದುಡಿದವನಿಗೆ, ಪ್ರತಿ 20 ದಿನಕ್ಕೆ 1 ದಿನದಂತೆ ಮರುವರ್ಷ ಸಂಬಳ ಸಹಿತ ರಜೆ. (ಈಗಿನ ಹೊಸ ಕಾರ್ಮಿಕ ಸಂಹಿತೆಯಲ್ಲಿ 240ರ ಬದಲು 180 ದಿನ ಸಾಕು.) ವರ್ಷದ ನಡುವೆ ಕೆಲಸ ಬಿಟ್ಟರೆ 240 ತುಂಬದಿದ್ದರೂ ದುಡಿದಷ್ಟಕ್ಕೆ ಲೆಕ್ಕ ಹಾಕಿ ಕೊಡಬೇಕು, ಅದೂ ಬಿಟ್ಟ ಎರಡನೇ ಕೆಲಸದ ದಿನ ಮುಗಿಯುವುದರೊಳಗೆ.

ಮಕ್ಕಳೇ, ಪೆನ್ಸಿಲ್ ತೆಗೆದುಕೊಳ್ಳಿ. ಆ ವರ್ಷ ಅವನು ದುಡಿದದ್ದು 132 ದಿನ. 20ರಿಂದ ಭಾಗಿಸಿದರೆ 6.6. ಅರ್ಧ ಅಥವಾ ಅದಕ್ಕಿಂತ ಹೆಚ್ಚಿನ ಭಿನ್ನರಾಶಿಯನ್ನು ಇಡೀ ದಿನ ಎಂದೇ ಎಣಿಸಬೇಕು, ಆದ್ದರಿಂದ 7 ದಿನ. ಹಿಂದಿನ ವರ್ಷ 260 ದಿನ ದುಡಿದಿದ್ದ, ಅದಕ್ಕೆ 13 ದಿನ. ಅದರಲ್ಲಿ 2 ತೆಗೆದುಕೊಂಡಿದ್ದ, ಉಳಿದದ್ದು 11.

ತೊಡಕಿದ್ದದ್ದು ಈ 11ರಲ್ಲಿ. ತಾನಾಗಿ ಬಿಟ್ಟು ಹೋಗುವವನು ಹಳೇ ರಜೆಗೆ ಹಣ ಕೇಳಬೇಕಾದರೆ, ರಜೆ ಬೇಕೆಂದು ಮೊದಲೇ ಅರ್ಜಿ ಹಾಕಿರಬೇಕು, ಅವರು ಕೊಡದೆ ಇದ್ದಿರಬೇಕು. "ಕೇಳಿದ್ದೆಯೇನಪ್ಪಾ?" ಎಂದೆ. "ಮೇ ತಿಂಗಳಲ್ಲಿ ಅಪ್ಪನ್ನ ನೋಡ್ಕೊಳ್ಳಾಕೆ 11 ದಿನ ಕೇಳಿದ್ದೆ ಸಾರ್. ಕೆಲಸ ಜಾಸ್ತಿ ಐತಿ, ಆಗಲ್ಲ ಅಂದ್ರು." ಬಾಯಲ್ಲಿ ಹೇಳಿದರೆ ಏನು ಪ್ರಯೋಜನ! ಕಾಗದ ಬೇಕಲ್ಲ.

ತಾಯಿ ಮಾತಾಡದೆ ಮನೆಗೆ ಹೋಗಿ ಬಿಸ್ಕತ್ತಿನ ಡಬ್ಬಿ ತಂದರು. ಅವರಿಗೆ ಓದು ಬಾರದು. ಮಗ ಮನೆಗೆ ತಂದ ಚೀಟಿಗಳೆಲ್ಲ ಅದರಲ್ಲಿದ್ದವು: ಸಂಬಳದ ಚೀಟಿ, ಔಷಧಿ ಅಂಗಡಿಯದು, ಬಸ್ ಟಿಕೀಟು ಕೂಡ. ತಳದಲ್ಲಿ ನಾಲ್ಕಾಗಿ ಮಡಿಸಿದ ರಜೆ ಅರ್ಜಿ. ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ "ಸಾಧ್ಯವಿಲ್ಲ" ಎಂದು ಬರೆದು, ಸಹಿ, ತಾರೀಖು.

ಅದನ್ನು ನೋಡಿ ನನಗೆ ಎಷ್ಟು ಖುಷಿಯಾಯಿತೆಂದರೆ, ಇಲ್ಲ ಎಂದು ಬರೆದ ಕಾಗದಕ್ಕೆ ಜೀವನದಲ್ಲಿ ಅಷ್ಟು ಸಂತೋಷಪಟ್ಟದ್ದು ಅದೊಂದೇ ಸಲ. 7 ಮತ್ತು 11 ಸೇರಿ 18 ದಿನ. ದಿನಕ್ಕೆ 42 ರೂಪಾಯಿಯಂತೆ 756 ರೂಪಾಯಿ. ರಾತ್ರಿಯೇ ಎರಡು ಪ್ರತಿ ಬರೆದೆ. ಕೋಪದ ಮಾತು ಒಂದೂ ಇಲ್ಲ, ಲೆಕ್ಕ ಮತ್ತು ಕಲಮಿನ ಸಂಖ್ಯೆ ಮಾತ್ರ. ಒಂದು ಪ್ರತಿ ಆಫೀಸಿಗೆ ಕೊಟ್ಟು, ಇನ್ನೊಂದರ ಮೇಲೆ ಮುಟ್ಟಿದ ಸಹಿ ಹಾಕಿಸಿಕೊಂಡು ಬಾ ಎಂದು ಹುಡುಗನನ್ನು ಕಳಿಸಿದೆ. ಹಣ ಎರಡು ದಿನದಲ್ಲಿ ಬರಲಿಲ್ಲ, ಮೂರು ವಾರ ಹಿಡಿಯಿತು. ಆದರೆ ಪೂರ್ತಿ ಬಂತು.

ಇಷ್ಟು ಕೇಳಿದ ಮೊಮ್ಮಗಳು ಸೀದಾ ಅಪ್ಪನ ಬಳಿ ಹೋಗಿ, "ನಿಂದು ಡಬ್ಬಿ ಎಲ್ಲಿದೆ?" ಎಂದಳು. ಅವನು ಮೊಬೈಲಿನಲ್ಲಿ ಹಳೇ ಮೇಲ್‌ಗಳನ್ನು ಹುಡುಕುತ್ತಾ ಕೂತಿದ್ದ.