ಮೂರು ಕಾಲಿನ ಪಾಠ

ಮೂರು ಕಲ್ಲಿನ ಒಲೆ ಅಲುಗುವುದಿಲ್ಲ. ನಾಲ್ಕು ಕಾಲಿನ ಮಂಚ ಅಲುಗುತ್ತದೆ. ಹಳ್ಳಿಯ ಮನೆಯಲ್ಲಿ ಬೆಳೆದವರಿಗೆಲ್ಲ ಇದು ತಿಳಿದ ಸಂಗತಿ. ಒಂದೇ ರೇಖೆಯ ಮೇಲಿರದ ಮೂರು ಬಿಂದುಗಳು ಒಂದೇ ಒಂದು ಸಮತಲವನ್ನು ನಿರ್ಧರಿಸುತ್ತವೆಂಬುದು ಇದರ ಕಾರಣ. ಈ ಮಾತನ್ನು ಉತ್ತರಪತ್ರಿಕೆಯಲ್ಲಿ ನಿರ್ದೋಷವಾಗಿ ಬರೆಯಬಲ್ಲ ವಿದ್ಯಾರ್ಥಿಯ ಕೈಗೆ ಒಂದು ಮುಕ್ಕಾಲಿಯನ್ನು ಕೊಟ್ಟು, ಅದರ ಮೇಲೆ ಕ್ಯಾಮರಾ ನಿಲ್ಲಿಸೆಂದರೆ ಅವನು ತಡವರಿಸುತ್ತಾನೆ. ಅವನನ್ನೇಕೆ ದೂರಬೇಕು? ಭೌತವಿಜ್ಞಾನವನ್ನು ಬೋಧಿಸುವ ನಾನೇ ತಡವರಿಸಿದ್ದೇನೆ.

ಗಜೇಂದ್ರಗಡದ ನೆರೆಯ ಸೂಡಿ ಇಂದು ಚಿಕ್ಕ ಊರು. 11ನೆಯ ಶತಮಾನದಲ್ಲಿ ಅದು ಚಾಲುಕ್ಯ ಜಯಸಿಂಹನ ಸೋದರಿ ಅಕ್ಕಾದೇವಿಯ ಆಡಳಿತವನ್ನು ಕಂಡ ಪಟ್ಟಣ. ಅಲ್ಲಿಯ ಜೋಡುಕಳಸದ ಗುಡಿಯನ್ನೂ ಮೆಟ್ಟಿಲುಗಳ ನಾಗಕುಂಡವನ್ನೂ ಚಿತ್ರಿಸಿಕೊಳ್ಳಲು, ತಕ್ಕ ಅನುಮತಿ ಪಡೆದು, ಕೆಲವು ವಿದ್ಯಾರ್ಥಿಗಳೊಡನೆ ಹೋಗಿದ್ದೆನು. ಕೈಯಲ್ಲಿದ್ದುದು ಎರಡು ಮಸೂರಗಳ ಹಳೆಯ ಯೂರೋಪಿಯನ್ ಕ್ಯಾಮರಾ. ಅದಕ್ಕೆ ಬೇಕಾದುದು, ಕೊಡ್ಯಾಕ್ ಸಂಸ್ಥೆ 1901ರಲ್ಲಿ ಹೊರತಂದು ಇಂದಿಗೂ ದೊರೆಯುತ್ತಿರುವ 120 ಸಂಖ್ಯೆಯ ಫಿಲ್ಮು. ಒಂದು ಸುರುಳಿಯಲ್ಲಿ 6 ಸೆಂಟಿಮೀಟರ್ ಚೌಕದ 12 ಚಿತ್ರಗಳು.

ಮುಕ್ಕಾಲಿಯ ತಿರುಪು ಕ್ಯಾಮರಾದ ತಳದ ರಂಧ್ರದಲ್ಲಿ ಕೂಡಲಿಲ್ಲ. ಇಂದಿನ ಮುಕ್ಕಾಲಿಗಳ ತಿರುಪು ಸಾಮಾನ್ಯವಾಗಿ 1/4 ಅಂಗುಲ ವ್ಯಾಸದ್ದು; ಅಂಗುಲಕ್ಕೆ 20 ಸುತ್ತು. ಯೂರೋಪಿನ ಅನೇಕ ಹಳೆಯ ಕ್ಯಾಮರಾಗಳ ರಂಧ್ರವಾದರೋ 3/8 ಅಂಗುಲದ್ದು. ಅಂಗುಲಕ್ಕೆ 16 ಸುತ್ತು. ಇವೆರಡನ್ನು ಹೊಂದಿಸಲು ಒಳಗೂ ಹೊರಗೂ ಸುತ್ತುಗಳುಳ್ಳ ಚಿಕ್ಕದೊಂದು ಹಿತ್ತಾಳೆಯ ಬಳೆ ಸಿಗುತ್ತದೆ. ಅದನ್ನು ನಾನು ತಂದಿರಲಿಲ್ಲ. ತಿರುಪಿಗೆ ಕಾಗದ ಸುತ್ತಿ ಬಿಗಿದೆನು. ನಿಂತಂತೆ ಕಂಡಿತು.

ಫಿಲ್ಮನ್ನು ತೊಳೆದು ನೋಡಿದಾಗ ಬಿಸಿಲಿನಲ್ಲಿ ತೆಗೆದ 4 ಚಿತ್ರಗಳು ನಿಚ್ಚಳವಾಗಿದ್ದವು. ಮಂಟಪದೊಳಗಿನ 8 ಚಿತ್ರಗಳು ಮಸುಕಾಗಿದ್ದವು. ಕಾರಣವನ್ನು ಕರಿಹಲಗೆಯ ಮೇಲೆ ವಿದ್ಯಾರ್ಥಿಗಳೇ ಲೆಕ್ಕ ಹಾಕಿದರು. ಬಿಸಿಲಿನ ಚಿತ್ರಕ್ಕೆ ಬೆಳಕು ಬಿದ್ದ ಕಾಲ 1/125 ಸೆಕೆಂಡು. ಕತ್ತಲಿನ ಚಿತ್ರಕ್ಕೆ 10 ಸೆಕೆಂಡು. ಆ ಹತ್ತು ಸೆಕೆಂಡುಗಳಲ್ಲಿ ಕಾಗದ ಕುಸಿದು ಕ್ಯಾಮರಾ ಕೇವಲ 2 ಕಲೆ, ಎಂದರೆ ಒಂದು ಡಿಗ್ರಿಯ ಮೂವತ್ತನೆಯ ಒಂದು ಭಾಗ, ಬಾಗಿತೆನ್ನಿ. 75 ಮಿಲಿಮೀಟರ್ ಸಂಗಮದೂರದ ಮಸೂರದಲ್ಲಿ ಬಿಂಬವು ಫಿಲ್ಮಿನ ಮೇಲೆ ಸುಮಾರು 0.04 ಮಿಲಿಮೀಟರ್ ಸರಿಯುತ್ತದೆ. ಚಿತ್ರವನ್ನು ಐದರಷ್ಟು ಹಿಗ್ಗಿಸಿದರೆ ಅದು 0.2 ಮಿಲಿಮೀಟರ್ ಆಗುತ್ತದೆ. ಒಂದು ಗೇಣು ದೂರದಲ್ಲಿ ಹಿಡಿದ ಚಿತ್ರದಲ್ಲಿ ಕಣ್ಣು 0.1 ಮಿಲಿಮೀಟರನ್ನೂ ಗುರುತಿಸಬಲ್ಲದಾದುದರಿಂದ ಕೆತ್ತನೆಯ ಅಂಚು ಕರಗಿದಂತೆ ಕಾಣುವುದು ಅನಿವಾರ್ಯ.

ಇಷ್ಟಾದ ಮೇಲೆ ಆ ವಿದ್ಯಾರ್ಥಿಗಳಿಗೆ ಮುಕ್ಕಾಲಿಯ ನಿಯಮಗಳನ್ನು ಬಾಯಿಪಾಠ ಮಾಡಿಸಬೇಕಾಗಲಿಲ್ಲ. ಕಾಲುಗಳನ್ನು ಅಗಲವಾಗಿ ಹರಡಬೇಕು. ಗುರುತ್ವಕೇಂದ್ರದಿಂದ ಇಳಿಬಿಟ್ಟ ಲಂಬವು ಮೂರು ಪಾದಗಳ ತ್ರಿಕೋನದ ಒಳಗೇ, ಆದಷ್ಟು ನಡುವೆ ಬೀಳಬೇಕು. ಒಂದು ಕಾಲು ಮಸೂರದ ದಿಕ್ಕಿಗಿರಲಿ. ಎತ್ತರ ಬೇಕಾದರೆ ಮೊದಲು ದಪ್ಪನೆಯ ತುಂಡುಗಳನ್ನು ಎಳೆಯಬೇಕು. ನಡುಗಂಬವನ್ನು ಕೊನೆಯಲ್ಲಿ ಮಾತ್ರ ಏರಿಸಬೇಕು. ಚೀಲವನ್ನು ಕೆಳಗೆ ತೂಗುಬಿಟ್ಟರೆ ಗುರುತ್ವಕೇಂದ್ರ ಇಳಿಯುತ್ತದೆ. ಆದರೆ ಚೀಲ ಗಾಳಿಗೆ ಜೋಲಾಡಬಾರದು. ಗುಂಡಿಯನ್ನು ಬೆರಳಿನಿಂದ ಒತ್ತದೆ ತಂತಿಯ ಕೀಲಿಯಿಂದ ಒತ್ತಬೇಕು. ತಿರುಪನ್ನು ಅತಿಯಾಗಿ ಬಿಗಿದರೆ ಹಳೆಯ ಕ್ಯಾಮರಾದ ತಳ ಬಾಗೀತು. ಪುರಾತನ ಕಲ್ಲಿನ ನೆಲದ ಮೇಲೆ ಉಕ್ಕಿನ ಮೊನೆ ಬೇಡ, ರಬ್ಬರಿನ ಪಾದವೇ ಇರಲಿ.

ಇದಕ್ಕೊಂದು ಆಕ್ಷೇಪವುಂಟು. ಇಂದಿನ ಜೇಬಿನ ಫೋನು ಕತ್ತಲಲ್ಲಿ ಅನೇಕ ಚಿತ್ರಗಳನ್ನು ತೆಗೆದು, ಒಂದರ ಮೇಲೊಂದು ಹೊಂದಿಸಿ, ಕೈನಡುಕವನ್ನು ತಾನೇ ಸರಿಪಡಿಸುತ್ತದೆ. ಹಾಗಿರುವಾಗ ದುಬಾರಿ ಫಿಲ್ಮಿನ ಗೊಡವೆ ಏಕೆ? ಸೂಡಿಯ ಚಿತ್ರ ಮಾತ್ರ ಬೇಕಾದವನಿಗೆ ಫೋನೇ ಸಾಕು. ಇದನ್ನು ನಾನು ಒಪ್ಪುತ್ತೇನೆ. ಆದರೆ ವಿದ್ಯಾರ್ಥಿಗೆ ಬೇಕಾದುದು ಚಿತ್ರವೊಂದೇ ಅಲ್ಲ. ಫೋನು ಅವನ ತಪ್ಪನ್ನು ಅವನಿಗೆ ತಿಳಿಯದಂತೆ ತಿದ್ದಿಬಿಡುತ್ತದೆ. ಹಳೆಯ ಕ್ಯಾಮರಾ ಆ ತಪ್ಪನ್ನು ಫಿಲ್ಮಿನ ಮೇಲೆ ಅಳೆಯಬಹುದಾದ ರೂಪದಲ್ಲಿ ಬರೆದಿಡುತ್ತದೆ. ತಪ್ಪನ್ನು ಅಳೆಯಲು ಕಲಿಯುವುದೇ ಪ್ರಯೋಗವಿಜ್ಞಾನದ ಮೊದಲ ಮೆಟ್ಟಿಲಲ್ಲವೇ?

ಆದುದರಿಂದ ನನ್ನ ಸಲಹೆ ಇದು. ಪ್ರತಿಯೊಬ್ಬನೂ ಹಳೆಯ ಕ್ಯಾಮರಾ ಕೊಳ್ಳಬೇಕಾಗಿಲ್ಲ. ಕಾಲೇಜಿನ ಪ್ರಯೋಗಶಾಲೆಗೆ ಒಂದು ಕ್ಯಾಮರಾ, ಒಂದು ಮುಕ್ಕಾಲಿ, ವರ್ಷಕ್ಕೆ ಎರಡು ಸುರುಳಿ ಫಿಲ್ಮು ಸಾಕು. ಸಮತೋಲದ ಪಾಠದ ದಿನ ಅವು ಬೀರುವಿನಿಂದ ಹೊರಬರಲಿ. ಕ್ಯಾಮರಾವನ್ನು ಅಧ್ಯಾಪಕನಲ್ಲ, ವಿದ್ಯಾರ್ಥಿಯೇ ನಿಲ್ಲಿಸಲಿ. ಸಾವಿರ ವರ್ಷಗಳ ಹಿಂದೆ ಭಾರವನ್ನೂ ಆಧಾರವನ್ನೂ ಅರಿತು ಸೂಡಿಯ ಶಿಲ್ಪಿಗಳು ನಿಲ್ಲಿಸಿದ ಕಂಬಗಳು ಇನ್ನೂ ನಿಂತಿವೆ. ಅವುಗಳೆದುರಿಗೆ ಹತ್ತು ಸೆಕೆಂಡು ಅಲುಗದೆ ನಿಲ್ಲುವಂತೆ ಒಂದು ಪುಟ್ಟ ಪೆಟ್ಟಿಗೆಯನ್ನು ನಿಲ್ಲಿಸಲು ನಾವು ಕಲಿಯಲಾರೆವೇ?