ಬೈಗುಳಕ್ಕೆ ಮೌನವೇ ಉತ್ತರವೆ?

‘ಆನೆ ಹೋಗುವಾಗ ನಾಯಿ ಬೊಗಳುತ್ತದೆ’ ಎಂಬ ಗಾದೆಯನ್ನು ನಾವು ಹೆಣ್ಣುಮಕ್ಕಳಿಗೆ ಹೇಳುವಷ್ಟು ಸಲ ಗಂಡುಮಕ್ಕಳಿಗೆ ಹೇಳುವುದಿಲ್ಲ. ಬಸ್ಸಿನಲ್ಲಿ ಯಾರೋ ಹೊಲಸು ಮಾತಾಡಿದರೆ ಈ ಗಾದೆ. ಓಣಿಯ ಜಗಳದಲ್ಲಿ ಬಾಯಿಗೆ ಬಂದದ್ದು ಅಂದರೆ ಈ ಗಾದೆ. ಈಗ ಮೊಬೈಲ್ ಫೋನಿನಲ್ಲಿ ಗುರುತಿಲ್ಲದ ನೂರು ಜನ ಸಾಲುಗಟ್ಟಿ ಬೈದರೂ ಅದೇ ಗಾದೆ. ಕೇಳಲು ಚೆನ್ನಾಗಿದೆ. ಆದರೆ ನಮ್ಮ ಮಗಳು ಆನೆಯಲ್ಲ, ಹದಿನೈದು ವರ್ಷದ ಹುಡುಗಿ. ಬೈಯುವವನು ನಾಯಿಯೂ ಅಲ್ಲ. ನಾಯಿಗೆ ತನ್ನ ಬೊಗಳಿನ ಅರ್ಥ ಗೊತ್ತಿರುವುದಿಲ್ಲ. ಇವನಿಗೆ ತನ್ನ ಮಾತಿನ ಅರ್ಥ ಚೆನ್ನಾಗಿ ಗೊತ್ತು.

ದೇವದುರ್ಗ, ಮಾನ್ವಿ, ಈಗ ರಾಯಚೂರು ಎಂದು ಮೂವತ್ತು ವರ್ಷಗಳ ಹತ್ತಿರ ಪಾಠ ಹೇಳಿಕೊಂಡು ಬಂದವಳು ನಾನು. ಇಲ್ಲಿಯ ಶಾಲೆಯಲ್ಲಿ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ರಾಜ್ಯೋತ್ಸವದ ದಿನ ಒಂದು ಹಾಡು ಹಾಡಿದಳು. ಅವಳ ಅಣ್ಣ ಹೆಮ್ಮೆಯಿಂದ ಅದನ್ನು ಇನ್‌ಸ್ಟಾಗ್ರಾಮಿಗೆ ಹಾಕಿದ. ಎರಡೇ ದಿನದಲ್ಲಿ ಅದರ ಕೆಳಗೆ ಅವಳ ಮೈಬಣ್ಣ, ಅವಳ ಜಾತಿ, ಕೊನೆಗೆ ಅವಳ ತಾಯಿಯ ಶೀಲ, ಎಲ್ಲದರ ಮೇಲೂ ಕೆಸರು ಬಿದ್ದಿತ್ತು. ಬರೆದವರಲ್ಲಿ ಮೂವರು ಅವಳದೇ ಓಣಿಯ ಹುಡುಗರು. ನಾನು ಅವರ ಮನೆಗೆ ಹೋದಾಗ ತಾಯಿ ಬಾಗಿಲಲ್ಲೇ ಹೇಳಿದಳು: “ಫೋನ್ ಕಸ್ಗೊಂಡೀವ್ರೀ ಅಕ್ಕೋರೆ. ಹಾಡೂ ಸಾಕು, ಸಾಲೀನೂ ಸಾಕು. ಮಂದಿ ಬಾಯಾಗ ಬೀಳೂದು ಬ್ಯಾಡ.”

“ಬೈದ ಹುಡುಗರ ಫೋನ್ ಯಾರು ಕಸ್ಗೊಂಡಾರವ್ವ?” ಎಂದು ಕೇಳಿದೆ. ಆಕೆ ಸುಮ್ಮನಾದಳು.

ಹುಡುಗಿ ಪರೀಕ್ಷೆಗೇನೋ ಬಂದಳು. ಹಾಡು ನಿಂತೇಹೋಯಿತು. ಬೈದ ಹುಡುಗರಿಗೆ ಒಂದು ದಿನದ ಊಟವೂ ತಪ್ಪಲಿಲ್ಲ. ‘ಉತ್ತರ ಕೊಡಬೇಡ, ನೋಡಬೇಡ, ಸುಮ್ಮನಿದ್ದುಬಿಡು’ ಎಂಬ ನಮ್ಮ ಬುದ್ಧಿಮಾತಿನ ಫಲ ಇಷ್ಟೇ. ಕಳೆದುಕೊಳ್ಳುವವಳು ಯಾವಾಗಲೂ ಬೈಸಿಕೊಂಡವಳೇ.

ಇನ್ನು ಆ ಪದಗಳನ್ನೇ ಸ್ವಲ್ಪ ನೋಡೋಣ. ಬರೆಯಲು ಮುಜುಗರವಾಗುತ್ತದೆ. ಆದರೆ ದಿನಾ ಕಿವಿಗೆ ಬೀಳುವುದನ್ನು ಕಾಗದದ ಮೇಲೆ ಬರೆಯಲು ನಾಚಿ ಏನು ಪ್ರಯೋಜನ? ಮುಂಡೆ, ಬೋಳಿ, ರಂಡೆ. ಈ ಮೂರೂ ಮೂಲದಲ್ಲಿ ಗಂಡ ಸತ್ತ ಹೆಂಗಸನ್ನು, ಅವಳ ಬೋಳಿಸಿದ ತಲೆಯನ್ನು ಹೇಳುವ ಮಾತುಗಳು. ಹೆಂಡತಿ ಸತ್ತವನನ್ನು ವಿಧುರ ಎನ್ನುತ್ತೇವೆ. ‘ವಿಧುರನ ಮಗನೇ’ ಎಂದು ಯಾರಾದರೂ ಬೈದದ್ದನ್ನು ಕೇಳಿದ್ದೀರಾ? ಅಂದರೆ ಜನ ನಕ್ಕಾರು. ಗಂಡಸು ಗಂಡಸನ್ನು ಬೈಯುವಾಗಲೂ ಏಟು ಬೀಳುವುದು ಅವನ ತಾಯಿಯ ಮೇಲೆ. ಜಗಳದಲ್ಲಿ ಇಲ್ಲದ, ಮನೆಯಲ್ಲಿ ರೊಟ್ಟಿ ಬಡಿಯುತ್ತಾ ಕುಳಿತ ಆ ತಾಯಿ ಮಾಡಿದ ತಪ್ಪೇನು?

‘ಸೂಳೆ’ ಎಂಬುದು ಎಲ್ಲಕ್ಕಿಂತ ಸಲೀಸಾಗಿ ಉದುರುವ ಮಾತು. ಹನ್ನೆರಡನೆಯ ಶತಮಾನದಲ್ಲಿ ಅದೇ ಪದವನ್ನು ಹೆಸರಿನ ಹಿಂದೆ ಹೊತ್ತ ಸೂಳೆ ಸಂಕವ್ವೆ ಎಂಬ ವಚನಕಾರ್ತಿ ಇದ್ದಳು. ಅವಳದೊಂದು ವಚನ ಇಂದಿಗೂ ಉಳಿದಿದೆ. ಶರಣರು ಅವಳಿಗೆ ತಮ್ಮ ಸಾಲಿನಲ್ಲಿ ಜಾಗ ಕೊಟ್ಟರು. ಎಂಟು ನೂರು ವರ್ಷಗಳ ಮೇಲೆ ನಾವು ಆ ಪದವನ್ನು ಉಗುಳಾಗಿ ಬಳಸುತ್ತಿದ್ದೇವೆ. ಮುಂದೆ ಬಂದವರು ಯಾರು, ಹಿಂದೆ ಬಿದ್ದವರು ಯಾರು, ನೀವೇ ಹೇಳಿ.

ನಮ್ಮ ಜಿಲ್ಲೆಯಲ್ಲಿ ಈ ಮಾತಿಗೆ ಇನ್ನೊಂದು ಅಲಗು ಇದೆ. ದೇವದಾಸಿ ಬಿಡುವುದನ್ನು ನಿಷೇಧಿಸಿ ಕರ್ನಾಟಕ 1982ರಲ್ಲೇ ಕಾನೂನು ಮಾಡಿತು. ಆದರೂ ತಂದೆಯ ಹೆಸರು ಬರೆಯುವ ಜಾಗದಲ್ಲಿ ಪೆನ್ನು ನಿಲ್ಲಿಸಿ ಕುಳಿತ ಮಕ್ಕಳನ್ನು ನಾನು ಕಂಡಿದ್ದೇನೆ. ದೇವದುರ್ಗದ ನನ್ನ ತರಗತಿಯಲ್ಲಿ ಅಂಥ ಒಬ್ಬ ಹುಡುಗನಿದ್ದ. ಬೇರೆ ಹುಡುಗರಿಗೆ ‘ಸೂಳೆಮಗ’ ಎಂಬುದು ಆಟದಲ್ಲಿ ಸೋತಾಗ ಅನ್ನುವ ಮಾತು, ಸಂಜೆಗೆ ಮರೆತುಹೋಗುವಂಥದ್ದು. ಈ ಹುಡುಗನಿಗೆ ಅದು ಮನೆಯಲ್ಲಿ ತನಗಾಗಿ ಕಾಯುತ್ತಿದ್ದ ಅವ್ವ. ಬೈಗುಳ ‘ಬರೀ ಮಾತು’ ಎನ್ನುವವರು ಒಂದು ದಿನವಾದರೂ ಆ ಹುಡುಗನ ಬೆಂಚಿನಲ್ಲಿ ಕೂರಬೇಕಿತ್ತು.

ಹಿಂದೆಯೂ ಬೈಗುಳವಿರಲಿಲ್ಲವೇ ಎನ್ನುತ್ತಾರೆ. ಇತ್ತು. ನೀರಿನ ಸರದಿಯಲ್ಲಿ ಕೊಡ ಎತ್ತಿ ಬೈದಾಡಿದವರು ಮರುದಿನ ಅದೇ ಕಟ್ಟೆಯ ಮೇಲೆ ಮುಖ ನೋಡಬೇಕಿತ್ತು. ನಡುವೆ ಒಬ್ಬ ಹಿರಿಯಳು ಬಂದು “ಸಾಕು ಬಿಡ್ರೇ” ಅನ್ನುತ್ತಿದ್ದಳು. ಫೋನಿನಲ್ಲಿ ಬೈಯುವವನಿಗೆ ಮುಖವಿಲ್ಲ, ಕೆಲವೊಮ್ಮೆ ಹೆಸರೂ ಇಲ್ಲ. ಬೈದದ್ದು ಸಂಜೆಗೆ ಆರುವುದಿಲ್ಲ, ಅಲ್ಲೇ ಉಳಿದು ಸಾವಿರ ಜನರ ಕಣ್ಣಿಗೆ ಬೀಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, “ಸಾಕು ಬಿಡ್ರೇ” ಅನ್ನುವ ಆ ಹಿರಿಯಳು ಅಲ್ಲಿಲ್ಲ.

ಹಾಗಾದರೆ ಏನು ಮಾಡಬೇಕು? ತಿರುಗಿ ಬೈಯಬೇಕೆ? ಆಗ ಇನ್ನೊಬ್ಬಳು ತಾಯಿಗೆ ಏಟು ಬೀಳುತ್ತದೆ, ಅಷ್ಟೇ. ಹೊಡೆಯಬೇಕೆ? 2024ರ ಜೂನ್ ತಿಂಗಳಲ್ಲಿ ನಡೆದದ್ದನ್ನು ಯಾರೂ ಮರೆತಿಲ್ಲ. ಪವಿತ್ರಾ ಗೌಡ ಅವರಿಗೆ ಅಶ್ಲೀಲ ಸಂದೇಶ ಕಳಿಸಿದನೆಂಬ ಕಾರಣಕ್ಕೆ ಚಿತ್ರದುರ್ಗದ ರೇಣುಕಸ್ವಾಮಿಯನ್ನು ಬೆಂಗಳೂರಿಗೆ ಕರೆದೊಯ್ದು ಕೊಂದರೆಂಬುದು ಪೊಲೀಸರ ಆರೋಪ. ನಟ ದರ್ಶನ್, ಪವಿತ್ರಾ ಗೌಡ ಮುಂತಾದ 17 ಜನ ಆರೋಪಿಗಳಾದರು. ಯಾರು ತಪ್ಪಿತಸ್ಥರೆಂದು ಹೇಳಬೇಕಾದದ್ದು ನ್ಯಾಯಾಲಯ. ಆದರೆ ಕಳಿಸಿದ ಸಂದೇಶಕ್ಕೆ ಠಾಣೆಯಲ್ಲಿ ಒಂದು ದೂರು ಸಾಕಿತ್ತು ಎಂದು ಹೇಳಲು ನ್ಯಾಯಾಧೀಶರೇ ಬೇಕಿಲ್ಲ. ಆಗ ಗರ್ಭಿಣಿಯಾಗಿದ್ದ ಆತನ ಹೆಂಡತಿಯನ್ನು ನೆನೆಯಿರಿ.

ಅದರ ಮರುವರ್ಷ ಇನ್ನೊಂದು ದಾರಿಯನ್ನೂ ನೋಡಿದೆವು. ರೇಣುಕಸ್ವಾಮಿಯ ಮನೆಯವರಿಗೆ ನ್ಯಾಯ ಸಿಗಲಿ ಎಂದದ್ದಕ್ಕೆ ನಟಿ ರಮ್ಯಾ ಅವರ ಮೇಲೆ ದರ್ಶನ್ ಅಭಿಮಾನಿಗಳೆಂದು ಹೇಳಿಕೊಂಡವರಿಂದ ಹೊಲಸು ಮಾತಿನ ಮಳೆಯೇ ಸುರಿಯಿತು. ಆಕೆ ಅಳುತ್ತಾ ಕೂರಲಿಲ್ಲ, ತಿರುಗಿ ಬೈಯಲೂ ಇಲ್ಲ. 2025ರ ಜುಲೈ 28ರಂದು ಬೆಂಗಳೂರು ಪೊಲೀಸ್ ಆಯುಕ್ತರ ಕಚೇರಿಗೆ ಹೋಗಿ 43 ಖಾತೆಗಳ ವಿರುದ್ಧ ದೂರು ಕೊಟ್ಟರು. ಕೆಲವರ ಬಂಧನವಾಯಿತು. ನನಗೆ ಇನ್ನೂ ದೊಡ್ಡದಾಗಿ ಕಂಡದ್ದು ಬೇರೆಯೇ. ನಟ ಶಿವರಾಜ್‌ಕುಮಾರ್ ದಂಪತಿ ಬಹಿರಂಗವಾಗಿ ಆಕೆಯ ಪರ ಮಾತಾಡಿದರು, ರಾಜ್ಯ ಮಹಿಳಾ ಆಯೋಗ ಪೊಲೀಸರಿಗೆ ಪತ್ರ ಬರೆಯಿತು. ಕಟ್ಟೆಯ ಹಿರಿಯಳು ಎಲ್ಲಿ ಎಂದೆನಲ್ಲ, ಅವಳು ಸ್ವಲ್ಪ ಹೊತ್ತು ಮರಳಿ ಬಂದಂತಾಯಿತು.

ಆದರೆ ರಮ್ಯಾ ಅವರಿಗೆ ಹೆಸರಿದೆ, ವಕೀಲರಿದ್ದಾರೆ. ನಮ್ಮ ಓಣಿಯ ಹುಡುಗಿಗೆ? ಅವಳಿಗೂ ಕಾನೂನು ಇದೆ. ಹೆಣ್ಣಿನ ಮಾನಕ್ಕೆ ಕುಂದು ತರುವ ಉದ್ದೇಶದಿಂದ ಆಡಿದ ಮಾತಿಗೆ ಭಾರತೀಯ ನ್ಯಾಯ ಸಂಹಿತೆಯ 79ನೆಯ ಕಲಂ ಮೂರು ವರ್ಷದವರೆಗೆ ಸೆರೆವಾಸ ಹೇಳುತ್ತದೆ. ಪರಿಶಿಷ್ಟರನ್ನು ಜನರೆದುರು ಜಾತಿ ಹಿಡಿದು ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಆರು ತಿಂಗಳಿಂದ ಐದು ವರ್ಷ. ಅಂತರ್ಜಾಲದ ಬೈಗುಳಕ್ಕೂ ಈ ಕಾಯ್ದೆ ಅನ್ವಯಿಸುತ್ತದೆಂದು ಕೇರಳ ಹೈಕೋರ್ಟು 2022ರಲ್ಲಿ ಹೇಳಿದೆ. ಜಿಲ್ಲಾ ಕೇಂದ್ರದಲ್ಲಿ ಸೈಬರ್ ಅಪರಾಧದ ದೂರು ಪಡೆಯುವ ಸಿ.ಇ.ಎನ್. ಪೊಲೀಸ್ ಠಾಣೆ ಇದೆ. ಮಹಿಳೆಯರ ಸಹಾಯವಾಣಿ 181, ಮಕ್ಕಳದು 1098. ಸಿಟ್ಟಿನಲ್ಲಿ ಅಳಿಸಿಹಾಕುವ ಮೊದಲು ಆ ಪರದೆಯ ಚಿತ್ರ ತೆಗೆದಿಡಿ. ದಿನ, ಹೊತ್ತು, ಖಾತೆಯ ಹೆಸರು ಬರೆದಿಡಿ. ಸಾಕ್ಷಿ ಇಲ್ಲದ ದೂರು ಹೆಚ್ಚು ದೂರ ಹೋಗದು.

“ಅದು ಹಳೆಯ ಗಾದೆ, ಮನಸ್ಸಿನಲ್ಲಿ ಏನೂ ಇಲ್ಲ” ಎಂಬ ಸಮರ್ಥನೆಯೂ ಬರುತ್ತದೆ. 2023ರ ಆಗಸ್ಟ್‌ನಲ್ಲಿ ನಟ ಉಪೇಂದ್ರ ಅವರು ಫೇಸ್‌ಬುಕ್ ನೇರಪ್ರಸಾರದಲ್ಲಿ ಟೀಕಾಕಾರರ ಬಗ್ಗೆ ಹೇಳುತ್ತಾ ಹೊಲಗೇರಿಯ ಹೆಸರಿರುವ ಗಾದೆಯೊಂದನ್ನು ಬಳಸಿದರು. ದೂರುಗಳು ದಾಖಲಾದವು, ಅವರು ವಿಡಿಯೋ ತೆಗೆದುಹಾಕಿ ಕ್ಷಮೆ ಕೇಳಿದರು, ಹೈಕೋರ್ಟು ತನಿಖೆಗೆ ತಡೆ ನೀಡಿತು. ಆ ಮೊಕದ್ದಮೆಯ ಮಾತು ಬಿಡಿ. ಆ ಗಾದೆಯನ್ನು ಬಳಸುವವರು ನಮ್ಮ ನಿಮ್ಮ ಮನೆಗಳಲ್ಲೂ ಇದ್ದಾರೆ. ಗಾದೆ ಹಳೆಯದಾದ ಮಾತ್ರಕ್ಕೆ ಶುದ್ಧವಾಗುವುದಿಲ್ಲ. ಹಳೆಯ ಅನ್ನ ಹಳಸುತ್ತದೆ ಎಂಬುದು ಅಡುಗೆಮನೆಯಲ್ಲಿರುವ ನಮಗೆ ಗೊತ್ತಿಲ್ಲವೇ?

ಕ್ಷಮೆ ಹೇಗೆ ಕೇಳಬೇಕೆಂಬುದಕ್ಕೆ ನಮ್ಮ ಮಾನ್ವಿ ಸೀಮೆಯಲ್ಲೇ ಒಂದು ಕಥೆಯಿದೆ. ಬ್ಯಾಗವಾಟದ ಪಂಡಿತರು ಶ್ರೀನಿವಾಸಾಚಾರ್ಯರು ಕನ್ನಡದಲ್ಲಿ ಹಾಡುವ ಚೀಕಲಪರ್ವಿಯ ವಿಜಯದಾಸರನ್ನು ಹೀಯಾಳಿಸಿದರಂತೆ. ಹೊಟ್ಟೆಬೇನೆ ಹತ್ತಿದಾಗ, ಹೀಯಾಳಿಸಿದ ಅದೇ ದಾಸರ ಕಾಲಿಗೇ ಬೀಳಬೇಕಾಯಿತು. ಅವರು ಇವರನ್ನು ದೇವದುರ್ಗದ ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರ ಬಳಿಗೆ ಕಳಿಸಿದರು. ಆ ಪಂಡಿತರೇ ಮುಂದೆ ಹರಿಕಥಾಮೃತಸಾರ ಬರೆದ ಜಗನ್ನಾಥದಾಸರಾದರು. ಕಥೆಯ ಪವಾಡ ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಅಲ್ಲಿ ಬೈದವನು ಬೈಸಿಕೊಂಡವರ ಬಾಗಿಲಿಗೇ ಹೋದ. ‘ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ’ ಎಂದು ಊರಿಗೆಲ್ಲ ಒಂದು ಸಾಲು ಬರೆದು ಕೈತೊಳೆದುಕೊಳ್ಳಲಿಲ್ಲ.

ನನ್ನ ತರಗತಿಯಲ್ಲಿ ಬಹಳ ವರ್ಷಗಳಿಂದ ಒಂದು ನಿಯಮವಿದೆ. ಬೈಗುಳ ಕೇಳಿದರೆ ಬೈಸಿಕೊಂಡ ಮಗು ದೂರು ಹೇಳಬೇಕಿಲ್ಲ, ಕೇಳಿಸಿಕೊಂಡವರು ಬಂದು ಹೇಳಬೇಕು. ಮೊದಲ ತಿಂಗಳು “ಚಾಡಿಕೋರರು” ಎಂಬ ಹೆಸರು ಬರುತ್ತದೆ. ಎರಡನೆಯ ತಿಂಗಳಿಗೆ ಬೈಯುವವನು ಮಾತಾಡುವ ಮೊದಲು ಸುತ್ತ ನೋಡುತ್ತಾನೆ. ನನಗೆ ಬೇಕಾದದ್ದು ಅವನ ಆ ಸುತ್ತನೋಟವೇ.

ನಮ್ಮ ವಾಟ್ಸಾಪ್ ಗುಂಪುಗಳಿಗೂ ಈ ನಿಯಮ ಬರಲಿ. ಬೀಗರ ಗುಂಪಿನಲ್ಲಿ, ಸಂಘದ ಗುಂಪಿನಲ್ಲಿ ಯಾರೋ ಒಬ್ಬಳ ಶೀಲದ ಮೇಲೆ, ಒಬ್ಬನ ಜಾತಿಯ ಮೇಲೆ ಮಾತು ಬಂದಾಗ ಐವತ್ತು ಜನ ಓದಿ ಸುಮ್ಮನಿರುತ್ತೇವೆ. ಬರೆದವರು ಮಾವನವರೋ ಭಾವನವರೋ ಆಗಿದ್ದರೆ ಇನ್ನೂ ಸುಮ್ಮನೆ. ಆ ಮೌನವನ್ನು ಅವರು ಒಪ್ಪಿಗೆಯೆಂದೇ ಎಣಿಸುತ್ತಾರೆ. ಜಗಳವಾಡಬೇಕಿಲ್ಲ. “ಮಾವನವರೇ, ಈ ಮಾತು ಬೇಡ” ಎಂದು ಒಂದೇ ಸಾಲು ಬರೆದರೆ ಸಾಕು. ನೀವು ಬರೆದರೆ ನಿಮ್ಮ ನಾದಿನಿ ಬರೆದಾಳು, ಅವಳನ್ನು ನೋಡಿ ಇನ್ನೊಬ್ಬಳು. ಮಗಳ ಕೈಯಿಂದ ಫೋನ್ ಕಸಿಯುವ ಮೊದಲು ಮಗನ ಫೋನ್ ತೆರೆದು, ಅವನು ಯಾರ ತಾಯಿಯ ಮೇಲೆ ಏನು ಬರೆದಿದ್ದಾನೆಂದು ನೋಡಿ. ಅಲ್ಲಿ ಸಿಕ್ಕಿದ ಹೊಲಸನ್ನು ತೊಳೆಯಬೇಕಾದವನು ಅವನೇ, ನೀವಲ್ಲ.